ಅರ್ಧಕ್ಕೆ ನಿಂತ ಅಕ್ಷರ

ನಮ್ಮ ಹವ್ಯಾಸಿ ರೇಡಿಯೊ ಕ್ಲಬ್ಬಿನಲ್ಲಿ ಆಗ ಮೂವತ್ತೊಂದು ಜನ ಸದಸ್ಯರಿದ್ದೆವು. ದಿನಾ ಬೆಳಿಗ್ಗೆ ಏಳಕ್ಕೆ ಎಲ್ಲರೂ ಅವರವರ ಮನೆಯಿಂದಲೇ ರೇಡಿಯೊದಲ್ಲಿ ಹಾಜರಿ ಹೇಳಬೇಕು. ಹಾಜರಿ ಕೂಗುತ್ತಿದ್ದವಳು ಕನ್ನಡಕದಕ್ಕ. ಯಾರಾದರೂ ಓಗೊಡದಿದ್ದರೆ, ಇನ್ನೂ ಎದ್ದಿಲ್ಲವೇನೋ ಎಂದುಕೊಂಡು ನಾವು ನಮ್ಮ ಪಾಡಿಗೆ ಹಲ್ಲುಜ್ಜಲು ಹೋಗುತ್ತಿದ್ದೆವು. ಅಕ್ಕನಿಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಗಾಜು ಅರೆಯುವ ಕೆಲಸ. ಅಂಗಡಿಯ ಮುಂಭಾಗದಲ್ಲಿ ಕನ್ನಡಿಗಳು, ದೀಪಗಳು, ಸಾಲಾಗಿ ಫ್ರೇಮುಗಳು. ಹಿಂದಿನ ಬಾಗಿಲು ತಳ್ಳಿದರೆ, ಒಂದು ಮಂಚ ಹಾಕಿದರೆ ತುಂಬಿಹೋಗುವಂಥ ಕೋಣೆ. ಅಲ್ಲಿ ತಿರುಗುವ ಸಾಣೆಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು, ಮೊಣಕೈವರೆಗೂ ಮೆತ್ತಿಕೊಳ್ಳುವ ಬಿಳಿ ಗಸಿ. ಚೀಟಿಯಲ್ಲಿ ಬರೆದ ನಂಬರನ್ನು ಅವಳು ಮೂರು ಸಲ ಓದುತ್ತಿದ್ದಳು, ಅರೆದ ಮೇಲೆ ಮೂರು ಸಲ ಅಳೆಯುತ್ತಿದ್ದಳು. ಗಿರಾಕಿ ಕನ್ನಡಕ ಹಾಕಿಕೊಂಡು ಬೀದಿಯ ತಿರುವು ದಾಟಿದ ಮೇಲೂ, ಎಡಗಣ್ಣಿನದನ್ನು ಬಲಕ್ಕೆ ಕೂರಿಸಿಬಿಟ್ಟೆನೇ ಎನ್ನಿಸಿ ಒಮ್ಮೊಮ್ಮೆ ಹಿಂದೆಯೇ ಓಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಅದಲುಬದಲಾದದ್ದು ಒಂದೇ ಸಲ, ಅದೂ ಅವಳು ರಜೆ ಹಾಕಿದ್ದ ದಿನ.

ಗಂಡ ದೂರದೂರಿಗೆ ಬಸ್ ಓಡಿಸುವ ಡ್ರೈವರು. ಮೂರು ದಿನಕ್ಕೊಮ್ಮೆ ಮನೆಗೆ ಬರುವ ಪಾಳಿ. ಬಸ್ಸು ಅರ್ಧ ಗಂಟೆ ತಡವಾದರೆ ಅಕ್ಕ ಬಾಗಿಲಿಗೆ ಬರುತ್ತಿದ್ದಳು, ಒಂದು ಗಂಟೆಯಾದರೆ ಬೀದಿಗೆ, ಎರಡಾದರೆ ನಿಲ್ದಾಣಕ್ಕೆ. "ಬಸ್ ಓಡಿಸ್ತೀನಿ ಕಣೇ, ಬೆಂಕಿ ಮೇಲೆ ನಡೀತಿಲ್ಲ. ಏನೂ ಆಗಲ್ಲ ಬಿಡು," ಎನ್ನುತ್ತಿದ್ದ ಅವನು. ಏನೂ ಆಗಲ್ಲ ಬಿಡು ಎಂಬ ಮಾತೇ ಅವಳಿಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತಿತ್ತಂತೆ.

ಒಂದು ದಿನ ನಮ್ಮ ಕ್ಲಬ್ಬಿನ ಅಧ್ಯಕ್ಷರು ಕನ್ನಡಕದ ಸಡಿಲವಾದ ಸ್ಕ್ರೂ ಬಿಗಿಸಿಕೊಳ್ಳಲು ಆ ಅಂಗಡಿಗೆ ಹೋಗಿದ್ದರು. ಅವರು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ನಮಗೆಲ್ಲ ಮೇಷ್ಟ್ರು. ಅವರ ಸೊಂಟದಲ್ಲಿದ್ದ ಕೈರೇಡಿಯೊ ಇದ್ದಕ್ಕಿದ್ದಂತೆ ಮಾತಾಡಿತು. ಹೆದ್ದಾರಿಗೆ ಮರ ಬಿದ್ದಿದೆ, ಬಸ್ಸುಗಳೆಲ್ಲ ಸಾಲಾಗಿ ನಿಂತಿವೆ, ಯಾರಿಗೂ ಏನೂ ಆಗಿಲ್ಲ ಎಂದು ಯಾರೋ ಇನ್ಯಾರಿಗೋ ಹೇಳುತ್ತಿದ್ದರು. ಅದು ಗಂಡ ಬರಬೇಕಾದ ದಾರಿ. ಅಕ್ಕನ ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

"ಇದ್ರಲ್ಲಿ ಹೀಗೆ ಎಲ್ಲಾ ಗೊತ್ತಾಗುತ್ತಾ ಮೇಷ್ಟ್ರೇ?"

"ಎಲ್ಲಾ ಅಲ್ಲಮ್ಮ. ಯಾರಾದ್ರೂ ಹೇಳಿದ್ರೆ ಅಷ್ಟು ಗೊತ್ತಾಗುತ್ತೆ."

ಅಷ್ಟು ಸಾಕಾಯಿತು ಅವಳಿಗೆ. ಮುಂದಿನ ಭಾನುವಾರವೇ ಕ್ಲಬ್ಬಿನ ಮೆಟ್ಟಿಲು ಹತ್ತಿದಳು. ಸೈಕಲ್ ಅಂಗಡಿಯ ತಾರಸಿಯ ಮೇಲೆ ತಗಡಿನ ಮಾಡಿನ ಒಂದು ಕೋಣೆ, ಅದಕ್ಕೆ ಅಲುಗಾಡುವ ಕಬ್ಬಿಣದ ಮೆಟ್ಟಿಲು. ಒಳಗೆ ಉದ್ದನೆಯ ಮೇಜು, ಮೇಜಿನ ತುಂಬ ಬಿಚ್ಚಿಟ್ಟ ರೇಡಿಯೊಗಳು, ಸುಟ್ಟ ಬೆಸುಗೆಯ ವಾಸನೆ, ಗೋಡೆಗೆ ಸುರುಳಿ ಸುತ್ತಿ ನೇತುಹಾಕಿದ ಕೇಬಲ್ಲು. ಭಾನುವಾರ ಅಲ್ಲಿ ಒಬ್ಬರು ಹೊಸಬರಿಗೆ ಪಾಠ ಹೇಳುತ್ತಿದ್ದರು, ಇನ್ನೊಬ್ಬರು ಹಳೆಯ ಬಿಡಿಭಾಗ ಬದಲಾಯಿಸಿಕೊಳ್ಳುತ್ತಿದ್ದರು. ಮೂರನೆಯವರು ಚಹಾ ಕಾಯಿಸುತ್ತ, ಹಿಂದಿನ ವಾರ ಯಾವ ದೂರದೇಶದವರ ಜತೆ ಮಾತಾಡಿದೆನೆಂದು ಕೊಚ್ಚಿಕೊಳ್ಳುತ್ತಿದ್ದರು. ಸೈಕಲ್ ರೇಸ್ ನಡೆದರೆ ದಾರಿಯುದ್ದಕ್ಕೂ ನಿಂತು ಸುದ್ದಿ ಮುಟ್ಟಿಸುವುದು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ರೇಡಿಯೊ ತೋರಿಸುವುದು, ಇವೂ ನಮ್ಮ ಕೆಲಸಗಳೇ.

ಅಕ್ಷರಗಳನ್ನು ಉದ್ದ, ಗಿಡ್ಡ ಸದ್ದುಗಳಾಗಿ ಕಳಿಸುವ ಮೋರ್ಸ್ ಸಂಕೇತವನ್ನು ಅಕ್ಕ ಸಾಣೆಯ ಮುಂದೆ ಕೂತೇ ಕಲಿತಳು, ಎಡಗೈ ಬೆರಳಿನಿಂದ ಮೇಜಿನ ಮೇಲೆ ಉದ್ದ, ಗಿಡ್ಡ ಎಂದು ತಟ್ಟಿಕೊಳ್ಳುತ್ತ. ನಲವತ್ತಮೂರನೆಯ ವಯಸ್ಸಿನಲ್ಲಿ ಪರೀಕ್ಷೆ ಕಟ್ಟಿ ಲೈಸೆನ್ಸು ಪಡೆದಳು. ಚಿಂತೆ ಕಡಿಮೆಯಾಗಲೆಂದು ಸೇರಿದವಳಿಗೆ ಆದದ್ದು ತಿರುಗಾಮುರುಗಾ. ಮೊದಲು ಒಬ್ಬ ಗಂಡನ ಚಿಂತೆಯಿತ್ತು, ಈಗ ಇನ್ನೂ ಮೂವತ್ತು ಜನರದ್ದು ಸೇರಿಕೊಂಡಿತು.

ಆ ಮೂವತ್ತರಲ್ಲಿ ಹಿರಿಯರು ಹಡಗಪ್ಪ. ಹಡಗುಗಳಲ್ಲಿ ರೇಡಿಯೊ ಕೆಲಸ ಮಾಡುತ್ತ ಮೂವತ್ತೆಂಟು ವರ್ಷ ನೀರಿನ ಮೇಲಿದ್ದವರು. ಮದುವೆಯಾಗಿರಲಿಲ್ಲ. ಲಾಂಡ್ರಿ ಅಂಗಡಿಯ ಮೇಲೊಂದು ಬಾಡಿಗೆ ಕೋಣೆಯಲ್ಲಿ ಆರಾಮಾಗಿ, ಯಾರ ಹಂಗೂ ಇಲ್ಲದೆ ಇದ್ದರು. ಅಕ್ಕ ಅವರನ್ನು ಮಾವ ಎಂದು ಕರೆಯುತ್ತಿದ್ದಳು. ಒಮ್ಮೆ ಎರಡು ದಿನ ಅವರ ಹಾಜರಿ ಬರಲಿಲ್ಲ. ಮೂರನೆಯ ಬೆಳಿಗ್ಗೆ ಅಕ್ಕ ಲಾಂಡ್ರಿಯವನನ್ನು ಕೇಳಿದಳು. ನೋಡಿಲ್ಲ ಎಂದ. ಬಾಗಿಲು ಬಡಿದಳು. ಸದ್ದಿಲ್ಲ. ತಡಮಾಡದೆ ಪೊಲೀಸರಿಗೂ ಅಗ್ನಿಶಾಮಕದವರಿಗೂ ಫೋನು ಮಾಡಿದಳು. ಅವರು ಬಂದು ಬಾಗಿಲು ಮುರಿದರು. ಹಡಗಪ್ಪ ಸ್ನಾನದ ಮನೆಯಿಂದ ತಲೆಗೆಲ್ಲ ಸೋಪಿನ ನೊರೆ ಹಚ್ಚಿಕೊಂಡು, ಟವೆಲು ಸುತ್ತಿಕೊಂಡು ಹೊರಗೆ ಬಂದರು. ಎದುರಿಗೆ ಹೆಲ್ಮೆಟ್ಟು ಹಾಕಿದ ನಾಲ್ವರು, ಕೈಯಲ್ಲಿ ಕೊಡಲಿ. ರೇಡಿಯೊ ಕೆಟ್ಟಿತ್ತು, ಬಿಚ್ಚಿ ಹಾಸಿಗೆಯ ಮೇಲೆ ಹರಡಿದ್ದರು, ಅಷ್ಟೇ.

"ನಾನು ಸತ್ರೆ ನಾನೇ ಹೇಳಿಕಳಿಸ್ತೀನಿ ಕಣಮ್ಮ. ಅಲ್ಲಿವರೆಗೂ ಬಾಗಿಲು ಮುರೀಬೇಡ," ಎಂದರು. ಇಡೀ ಬೀದಿ ನಿಂತು ನೋಡುತ್ತಿತ್ತು.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಒಂದು ನಿರ್ಣಯವಾಯಿತು. ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಕ್ಲಬ್ಬಿನ ಪರವಾಗಿ ಯಾರೂ ಹೊರಗಿನ ನೆರವು ಕರೆಯಕೂಡದು. ಕೆಳಗೆ ಅಕ್ಕನೂ ಸಹಿ ಹಾಕಿದಳು. ಅವತ್ತಿನಿಂದ ಅವಳಿಗೆ ಚಿಂತಾಮಣಿ ಎಂಬ ಹೆಸರು ಅಂಟಿತು. ಅವಳೂ ನಕ್ಕಳು, ಕಿವಿಯೆಲ್ಲ ಕೆಂಪಾಗಿ. ಹಡಗಪ್ಪ ಮಾತ್ರ ಎಂಟು ತಿಂಗಳು ಅವಳೊಡನೆ ಬಾಯಿಬಿಟ್ಟು ಮಾತಾಡಲಿಲ್ಲ. ಬೆಳಗಿನ ಹಾಜರಿಯನ್ನೂ ಮೋರ್ಸಿನಲ್ಲೇ ತಟ್ಟಿ ಮುಗಿಸುತ್ತಿದ್ದರು. ಅಕ್ಕ ಅದನ್ನು ಕಿವಿಗೊಟ್ಟು ಕೇಳಿ, ಬರೆದುಕೊಂಡು, ವಂದನೆ ಹೇಳುತ್ತಿದ್ದಳು.

ಈ ಘಟನೆಯಾದ ಮರುವರ್ಷ ನಮ್ಮ ವಾರ್ಷಿಕ ಹೊರಸಂಚಾರಕ್ಕೆ ಊರಾಚೆಯ ಪಾಳುಬಿದ್ದ ಕಲ್ಲುಕ್ವಾರಿಯನ್ನು ಆರಿಸಿಕೊಂಡೆವು. ಡೇರೆ ಹಾಕಿ, ಕಂಬ ನಿಲ್ಲಿಸಿ, ಆಂಟೆನಾ ಕಟ್ಟಿ ದಿನವಿಡೀ ಅಲ್ಲಿರುವುದು. ಆ ದಿನದ ದೊಡ್ಡ ಆಟ ನರಿ ಬೇಟೆ. ಒಬ್ಬರು ನರಿಯಾಗಿ ಒಂದು ಪುಟ್ಟ ಪ್ರಸಾರ ಪೆಟ್ಟಿಗೆ ಹಿಡಿದು ಎಲ್ಲಾದರೂ ಅಡಗಿಕೊಳ್ಳಬೇಕು. ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆ ಚಾಲೂ ಮಾಡಿ ಕ್ಲಬ್ಬಿನ ಹೆಸರನ್ನು ಮೋರ್ಸಿನಲ್ಲಿ ಮೂರು ಸಲ ತಟ್ಟಿ, ಮತ್ತೆ ಬಂದ್ ಮಾಡಬೇಕು. ಉಳಿದವರು ಆ ಸದ್ದು ಯಾವ ದಿಕ್ಕಿನಿಂದ ಬರುತ್ತದೆಂದು ಹಿಡಿದು ನರಿಯನ್ನು ಪತ್ತೆ ಹಚ್ಚಬೇಕು. ಇದಕ್ಕೆಂದೇ ನಾವು ಪ್ಲಾಸ್ಟಿಕ್ ಪೈಪಿಗೆ ಬಡಗಿಗಳ ಅಳತೆ ಟೇಪಿನ ತುಂಡು ಕಟ್ಟಿ ಆಂಟೆನಾ ಮಾಡಿಕೊಂಡಿದ್ದೆವು. ದೂರದಿಂದ ನೋಡಿದವರಿಗೆ ನಾವು ಮೀನಿನ ಮುಳ್ಳು ಹಿಡಿದು ಓಡಾಡುವ ಹುಚ್ಚರಂತೆ ಕಾಣುತ್ತಿದ್ದಿರಬೇಕು.

ನರಿ ಯಾವಾಗಲೂ ಹಡಗಪ್ಪನೇ. ಎಪ್ಪತ್ತಾರಾಗಿದ್ದರೂ ಆ ಪಟ್ಟ ಬಿಟ್ಟುಕೊಡುತ್ತಿರಲಿಲ್ಲ. ಆಟ ಕೆಡಬಾರದೆಂದು ಫೋನನ್ನೂ ಕೈರೇಡಿಯೊವನ್ನೂ ಡೇರೆಯಲ್ಲೇ ಇಟ್ಟು, ಟೋಪಿ ಹಾಕಿಕೊಂಡು, ಪೆಟ್ಟಿಗೆಯನ್ನು ಹೆಗಲಿಗೇರಿಸಿ ಒಬ್ಬರೇ ಹೊರಟರು. "ಕಲ್ಲು ಜಾರುತ್ತೆ, ನೋಡ್ಕೊಂಡು ಹೋಗಿ ಮಾವ," ಎಂದಳು ಅಕ್ಕ. ಅವರು ತಿರುಗಿ ನೋಡಲಿಲ್ಲ. ಹಾಗೆ ಹೇಳಬಾರದಿತ್ತು, ಅಪಶಕುನವಾಯಿತೇನೋ ಎಂದು ಅವಳಿಗೆ ಅದೂ ಒಂದು ಕೊರೆತ.

ಮೂರು ತಂಡಗಳಾಗಿ ಹೊರಟೆವು. ಒಂದರಲ್ಲಿ ನಾನೂ ಇದ್ದೆ. ಡೇರೆಯಲ್ಲಿ ಉಳಿದವರು ಮೂವರು. ಹೆಡ್‌ಫೋನು ಹಾಕಿಕೊಂಡು ಎಲ್ಲ ಬರೆದುಕೊಳ್ಳುತ್ತಿದ್ದ ಅಕ್ಕ, ಮೇಷ್ಟ್ರು, ಮತ್ತೆ ಮೋಟಾರು ರಿಪೇರಿಯ ಕಾಯಿಲ್. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವುದು ಅವನ ಕಸುಬು, ಹೆಸರೂ ಅದರಿಂದಲೇ. "ಕಾಯಿಲ್ ಅನ್ನಿ, ಕಾಯಿಲೆ ಅನ್ಬೇಡಿ," ಎನ್ನುವುದು ಅವನ ಹಳೇ ತಮಾಷೆ. ನರಿಯ ಪೆಟ್ಟಿಗೆಯನ್ನು ಕೈಯಾರೆ ಕಟ್ಟಿದವನೂ ಅವನೇ. ಅದರಲ್ಲಿ ಮೈಕು ಇರಲಿಲ್ಲ. ಒಂದು ಸ್ವಿಚ್ಚು, ತಟ್ಟಲು ಒಂದು ಗುಂಡಿ, ಅಷ್ಟೇ.

ಹತ್ತು ಗಂಟೆಗೆ ಮೊದಲ ಸಲ ನರಿಯ ಸದ್ದು ಬಂತು. ಹತ್ತೂ ಹತ್ತಕ್ಕೆ ಎರಡನೆಯ ಸಲ. ಹತ್ತೂ ಇಪ್ಪತ್ತಕ್ಕೆ ಮೂರನೆಯ ಸಲ ತಟ್ಟಲು ಶುರುವಾಗಿ, ನಡುವೆ ಒಂದು ಅಕ್ಷರದಲ್ಲಿ ನಿಂತುಹೋಯಿತು. ಪೆಟ್ಟಿಗೆ ಮಾತ್ರ ಬಂದ್ ಆಗಲಿಲ್ಲ. ಅಲೆ ಬರುತ್ತಿದ್ದಷ್ಟು ಹೊತ್ತು ಮಾತ್ರ ಉರಿಯುವ ರೇಡಿಯೊದ ಹಸಿರು ದೀಪ ಉರಿಯುತ್ತಲೇ ಇತ್ತು. ಬರೀ ಅಲೆ ಬರುತ್ತಿತ್ತು, ಅದರಲ್ಲಿ ಸದ್ದಿಲ್ಲ. ಎಂದಿನ ಸುಂಯ್ ಎನ್ನುವ ಗದ್ದಲ ಕೂಡ ಅಡಗಿ, ಹೆಡ್‌ಫೋನಿನೊಳಗೆ ಬಾವಿಗೆ ಕಿವಿಯಿಟ್ಟಂಥ ಮೌನ.

ಅಕ್ಕ ಒಂದು ನಿಮಿಷ ಕಾದಳು. ಎರಡು ನಿಮಿಷ ಕಾದಳು. ಪೆನ್ನು ಕೆಳಗಿಟ್ಟಳು.

"ಮೇಷ್ಟ್ರೇ, ಮಾವನ ಸದ್ದು ನಿಂತೋಯ್ತು."

"ದೀಪ ಉರೀತಿದೆಯಲ್ಲಮ್ಮ."

"ಅದೇ. ದೀಪ ಉರೀತಿದೆ, ಸದ್ದಿಲ್ಲ."

ಮೇಷ್ಟ್ರು ನಕ್ಕರು. "ಸ್ವಿಚ್ ಆಫ್ ಮಾಡೋದು ಮರೆತಿರ್ತಾರೆ. ಇಲ್ಲಾಂದ್ರೆ ಏನೋ ಆಟ ಹೂಡಿದ್ದಾರೆ. ಹೋದ ವರ್ಷ ಏನ್ ಮಾಡಿದ್ರು, ನೆನಪಿಲ್ವಾ?" ಹೋದ ವರ್ಷ ಹಡಗಪ್ಪ ಪೆಟ್ಟಿಗೆ ಸಮೇತ ಮೇಷ್ಟ್ರ ಕಾರಿನ ಹಿಂದಿನ ಸೀಟಿನಲ್ಲೇ ಮುಸುಕು ಹಾಕಿ ಮಲಗಿದ್ದರು. ಎರಡು ಗಂಟೆ ನಾವು ಕಾಡೆಲ್ಲ ಅಲೆದಿದ್ದೆವು.

"ಅಕ್ಷರ ಅರ್ಧಕ್ಕೇ ನಿಂತಿದೆ ಮೇಷ್ಟ್ರೇ. ಉದ್ದ, ಗಿಡ್ಡ, ಉದ್ದ, ಗಿಡ್ಡ ಬರ್ಬೇಕಿತ್ತು. ಕೊನೇ ಗಿಡ್ಡ ಬರ್ಲಿಲ್ಲ."

"ಉದ್ದ, ಗಿಡ್ಡ, ಉದ್ದ ಅಂದ್ರೆ ಅದೇ ಒಂದು ಅಕ್ಷರ ಅಲ್ವೇನಮ್ಮ? ನನ್ನದು ಮುಗೀತು, ಇನ್ನು ನೀವು ಹೇಳಿ ಅಂತ. ನಮ್ಮನ್ನ ಕೆಣಕ್ತಿದ್ದಾರೆ ಅಷ್ಟೇ."

ಆ ಮಾತಿನಲ್ಲೂ ನ್ಯಾಯವಿತ್ತು. ಅಕ್ಕ ಮತ್ತೆ ಹೆಡ್‌ಫೋನಿಗೆ ಕಿವಿಗೊಟ್ಟಳು. ಆದರೆ ಒಳಗಿನ ಹುಳ ಸುಮ್ಮನಿರಲಿಲ್ಲ. ಆ ಕೊನೆಯ ಉದ್ದ ಸರಿಯಾದ ಉದ್ದವಾಗಿರಲಿಲ್ಲ. ಎಳೆಯುತ್ತಿದ್ದಾಗ ಯಾರೋ ಕೈ ಹಿಡಿದು ಜಗ್ಗಿದ ಹಾಗೆ ಮೊಟಕಾಗಿತ್ತು. ಎಂಟು ತಿಂಗಳು ದಿನಾ ಬೆಳಿಗ್ಗೆ ಆ ಕೈಯ ಮಾತನ್ನು ಕೇಳಿದ್ದಳು. ಸಿಟ್ಟಿನಲ್ಲಿ ತಟ್ಟಿದರೂ, ನೆಗಡಿಯಿಂದ ಮಲಗಿ ತಟ್ಟಿದರೂ ಹಡಗಪ್ಪ ಒಂದು ಅಕ್ಷರವನ್ನೂ ಮೊಟಕು ಮಾಡಿದವರಲ್ಲ. ಹಾಗೆಂದು ಎದುರು ವಾದಿಸಲು ಬಾಯಿ ಬರಲಿಲ್ಲ. ಸೋಪಿನ ನೊರೆ, ಮುರಿದ ಬಾಗಿಲು, ಬೀದಿಯಲ್ಲಿ ನಿಂತ ಜನ, ಎಲ್ಲ ಕಣ್ಣಮುಂದೆ ಬಂತು. ಈ ಸಲವೂ ಸುಳ್ಳಾದರೆ?

ಹತ್ತೂವರೆಗೆ ನರಿ ಮತ್ತೆ ತಟ್ಟಬೇಕಿತ್ತು. ತಟ್ಟಲಿಲ್ಲ. ಹತ್ತೂ ಮೂವತ್ತನಾಲ್ಕಕ್ಕೆ ಒಂದೇ ಒಂದು ಸಣ್ಣ ಸದ್ದು ಬಂತು. ಟಿಕ್. ಮತ್ತೆ ಮೌನ.

"ಕೇಳಿಸ್ತಾ?" ಎಂದಳು ಅಕ್ಕ, ಅರ್ಧ ಎದ್ದು.

"ಸಡಿಲ ಬೆಸುಗೆ ಇರ್ಬೇಕು ಅಕ್ಕ," ಎಂದ ಕಾಯಿಲ್. ಅಂದವನೇ ಹುಬ್ಬು ಗಂಟಿಕ್ಕಿದ, ಏಕೆಂದರೆ ಬೆಸುಗೆ ಅವನದೇ.

"ಬಿಡದೆ ಹೀಗೇ ಉರಿದ್ರೆ ಬ್ಯಾಟರಿ ಎಷ್ಟೊತ್ತು ಬರುತ್ತೆ?"

"ಮುಕ್ಕಾಲು ಗಂಟೆ. ಹೆಚ್ಚಂದ್ರೆ ಐವತ್ತು ನಿಮಿಷ."

ಹದಿನಾಲ್ಕು ನಿಮಿಷ ಆಗಲೇ ಕಳೆದಿತ್ತು. ಅಕ್ಕ ನಮ್ಮ ತಂಡಗಳನ್ನು ಒಂದೊಂದಾಗಿ ಕರೆದು ಎಲ್ಲಿದ್ದೀರಿ ಎಂದು ಕೇಳಿದಳು. ಮೂರೂ ತಂಡದವರು ಒಂದೇ ಉತ್ತರ ಕೊಟ್ಟೆವು. ಕ್ವಾರಿಯ ಪೂರ್ವದ ಎತ್ತರದ ಬಂಡೆಯ ಕೆಳಗಿದ್ದೇವೆ, ಸದ್ದು ಇಲ್ಲಿಂದಲೇ ಬರುತ್ತಿದೆ, ನರಿ ಮಾತ್ರ ಇಲ್ಲ. ಆ ಬಂಡೆಯನ್ನು ಅವಳು ಬೆಳಿಗ್ಗೆಯೇ ನೋಡಿದ್ದಳು. ಬರೀ ಬೋಳು ಬಂಡೆ. ಅಡಗಲು ಅಲ್ಲಿ ಜಾಗವೇ ಇಲ್ಲ. ಹಾಗಾದರೆ ಅಲೆ ಬೇರೆಲ್ಲಿಂದಲೋ ಬಂದು ಬಂಡೆಗೆ ಬಡಿದು ತಿರುಗುತ್ತಿದೆ. ಎಲ್ಲರೂ ಹುಡುಕುತ್ತಿದ್ದಾರೆ ಎಂಬ ಧೈರ್ಯವೂ ಹೋಯಿತು. ಯಾರೂ ಸರಿಯಾದ ಕಡೆ ಹುಡುಕುತ್ತಿರಲಿಲ್ಲ.

"ಮೇಷ್ಟ್ರೇ, ಆಂಬುಲೆನ್ಸಿಗೆ ಹೇಳೋಣ. ಊರಿಂದ ಇಲ್ಲಿಗೆ ಬರಕ್ಕೇ ಮುಕ್ಕಾಲು ಗಂಟೆ ಬೇಕು. ಸಿಕ್ಕಿದ ಮೇಲೆ ಹೇಳಿದ್ರೆ ತಡ ಆಗುತ್ತೆ."

"ನೋಡಮ್ಮ, ಇನ್ನೊಂದು ಇಪ್ಪತ್ತು ನಿಮಿಷ ಕಾಯೋಣ. ಸುಮ್ನೆ ಕರೆಸಿ, ಅವ್ರು ಬಂದಾಗ ಹಡಗಪ್ಪ ನಗ್ತಾ ಎದ್ದು ಬಂದ್ರೆ? ಇನ್ನೊಂದು ಸಲ ನಮ್ಮ ಮಾತು ಯಾರು ನಂಬ್ತಾರೆ?"

ಮೇಷ್ಟ್ರು ಕೆಟ್ಟವರಲ್ಲ. ಅವರಿಗೂ ಒಳಗೊಳಗೇ ಅಳುಕು ಹುಟ್ಟಿತ್ತು ಎಂದು ಆಮೇಲೆ ಅವರೇ ಹೇಳಿದರು. ಆದರೆ ಚಿಂತಾಮಣಿಯ ಬಾಯಿಂದ ಬಂದ ಚಿಂತೆಗೆ ನಮ್ಮಲ್ಲಿ ಯಾರೂ ಬೆಲೆ ಕೊಡುತ್ತಿರಲಿಲ್ಲ.

ಅಕ್ಕ ಹೆಡ್‌ಫೋನು ತೆಗೆದಿಟ್ಟು, ತನ್ನ ಕೈರೇಡಿಯೊ ಎತ್ತಿಕೊಂಡು ಡೇರೆಯ ಹೊರಗೆ ಬಂದಳು. ಫೋನು ಅಲ್ಲಿ ಹಿಡಿಯುತ್ತಿರಲಿಲ್ಲ. ಊರಿನ ನೀರಿನ ಟ್ಯಾಂಕಿನ ಮೇಲೆ ನಮ್ಮದೊಂದು ಮರುಪ್ರಸಾರದ ಪೆಟ್ಟಿಗೆಯಿದೆ. ಅದರ ಮೂಲಕ ಮಾತಾಡಿದರೆ ಸುತ್ತಲಿನ ಊರುಗಳ ಹವ್ಯಾಸಿಗಳೆಲ್ಲ ಕೇಳುತ್ತಾರೆ. ಅಂದರೆ ನಗುವುದಾದರೆ ಎಲ್ಲರೂ ನಗುತ್ತಾರೆ. ಆದರೂ ಗುಂಡಿ ಒತ್ತಿದಳು. ಅತ್ತ ಓಗೊಟ್ಟವರು ನಮ್ಮ ಕ್ಲಬ್ಬಿನ ಬೇಕರಿಯವರು. ಒಲೆಯ ಮುಂದೆ ನಿಂತೇ ರೇಡಿಯೊ ಕೇಳುವವರು.

"ತುರ್ತು ಸುದ್ದಿ. ಕಲ್ಲುಕ್ವಾರಿಗೆ ಆಂಬುಲೆನ್ಸ್ ಬೇಕು. ಒಬ್ರು ಹಿರಿಯರು ಕಾಣಿಸ್ತಿಲ್ಲ, ಪೆಟ್ಟಾಗಿರೋ ಅನುಮಾನ ಇದೆ."

ಬೇಕರಿಯವರು ದನಿ ತಗ್ಗಿಸಿದರು. "ಅಕ್ಕಾವ್ರೇ... ಅನುಮಾನಾನಾ, ಖಚಿತಾನಾ?"

"ಅನುಮಾನ."

"ಮೇಷ್ಟ್ರು ಒಪ್ಪಿದಾರಾ?"

"ಇಲ್ಲ. ನನ್ನ ಹೆಸರಲ್ಲೇ ಬರ್ಕೊಳ್ಳಿ. ಸುಳ್ಳಾದ್ರೆ ಲೈಸೆನ್ಸ್ ವಾಪಸ್ ಕೊಟ್ಟು ಮನೇಲಿ ಕೂತ್ಕೋತೀನಿ. ಈಗ ದಯವಿಟ್ಟು ಫೋನ್ ಮಾಡಿ ಅಣ್ಣ."

"ಮಾಡ್ದೆ ಅಂದ್ಕೊಳ್ಳಿ."

ಬಂಡೆಯ ಕೆಳಗೆ ನಿಂತಿದ್ದ ನಮಗೂ ಇದು ಕೇಳಿಸಿತು. ನಮ್ಮ ತಂಡದಲ್ಲಿ ಒಬ್ಬ ಹಣೆ ಚಚ್ಚಿಕೊಂಡ. ನಾನೂ ನಕ್ಕೆ. ಅದನ್ನು ಬರೆಯದೆ ಬಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ.

ಅಕ್ಕ ಅಲ್ಲಿಗೇ ನಿಲ್ಲಲಿಲ್ಲ. ಕಾಯಿಲ್‌ನನ್ನು ಕರೆದುಕೊಂಡು ತಾನೇ ಹುಡುಕಲು ಹೊರಟಳು. ನರಿ ಬೇಟೆಯಲ್ಲಿ ಅವಳು ಎಂದೂ ಗೆದ್ದವಳಲ್ಲ. ಪ್ರತಿ ದಿಕ್ಕನ್ನೂ ಮೂರು ಸಲ ನೋಡುವಷ್ಟರಲ್ಲಿ ಬೇರೆಯವರು ನರಿಯನ್ನು ಹಿಡಿದು ಚಹಾ ಕುಡಿಯುತ್ತ ಕೂತಿರುತ್ತಿದ್ದರು. ಅವತ್ತೂ ಅವಸರ ಮಾಡಲಿಲ್ಲ. ಅವಸರ ಮಾಡಲಾಗದೆ ಒಳಗೇ ಬೇಯುತ್ತಿದ್ದಳು. ಕೈರೇಡಿಯೊವನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ನಿಧಾನವಾಗಿ ಸುತ್ತಿದಳು. ಹಾಗೆ ಸುತ್ತುವಾಗ ರೇಡಿಯೊದ ಮಾಪಕದಲ್ಲಿ ಅಲೆ ಎಲ್ಲಿ ತೀರ ಕ್ಷೀಣವಾಗುತ್ತದೋ, ಅಲ್ಲಿ ಅದು ಬೆನ್ನ ಹಿಂದಿನಿಂದ ಬರುತ್ತಿದೆ ಎಂದು ಅರ್ಥ. ಮೈಯೇ ಅಡ್ಡವಾಗಿ ಅದನ್ನು ತಡೆಯುತ್ತದೆ. ಮೊದಲ ಸುತ್ತಿನಲ್ಲಿ ಬೆನ್ನು ಬಂಡೆಯ ಕಡೆ ಬಂತು. ನೂರು ಹೆಜ್ಜೆ ಸರಿದು ಮತ್ತೆ ಸುತ್ತಿದಳು. ಈಗ ಬೆನ್ನು ಪಶ್ಚಿಮಕ್ಕೆ ಬಂತು, ಕಲ್ಲಿನ ಪುಡಿ ಸುರಿದ ದಿಬ್ಬದ ಆಚೆಗೆ. ಇನ್ನೂ ಒಂದು ಕಡೆ ನಿಂತು ಸುತ್ತಿದಳು. ಮತ್ತೆ ಪಶ್ಚಿಮ.

"ಅಕ್ಕ, ಬೇಗ. ಟೈಮ್ ಆಗ್ತಿದೆ," ಎಂದ ಕಾಯಿಲ್. ಈಗ ಅವನ ದನಿಯೂ ಒಣಗಿತ್ತು.

"ತಪ್ಪಾದ್ರೆ ಇನ್ನೂ ತಡ ಆಗುತ್ತೆ ಕಣೋ."

ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಕ್ವಾರಿಯ ನಕ್ಷೆಯನ್ನು ಒರಟಾಗಿ ಬರೆದು, ಪಶ್ಚಿಮ ತೋರಿದ ಆ ಎರಡು ಜಾಗಗಳಿಂದ ಎರಡು ಗೆರೆ ಎಳೆದಳು. ಎರಡೂ ದಿಬ್ಬದ ಆಚೆ ಒಂದು ಕಡೆ ಕೂಡುತ್ತಿದ್ದವು. ಮೂರನೆಯ ಗೆರೆಗೆಂದು ಇನ್ನೊಂದು ಕಡೆ ನಿಂತು ಅರ್ಧ ಸುತ್ತಿದ್ದಳೋ ಇಲ್ಲವೋ, ರೇಡಿಯೊ ಸುಂಯ್ ಎಂದು ಗದ್ದಲ ಶುರುಮಾಡಿತು. ಹಸಿರು ದೀಪ ಆರಿತು. ಹನ್ನೊಂದೂ ಐದು. ಬ್ಯಾಟರಿ ಸತ್ತಿತ್ತು.

ಆ ಗದ್ದಲ ಮೌನಕ್ಕಿಂತ ಕೆಟ್ಟದಾಗಿತ್ತು ಎಂದು ಅಕ್ಕ ಆಮೇಲೆ ನನ್ನ ಹತ್ತಿರ ಹೇಳಿದ್ದಳು. ಅಲ್ಲಿಯವರೆಗೆ ಏನೂ ಹೇಳದಿದ್ದರೂ ಅವರು ಎಲ್ಲೋ ಇದ್ದಾರೆ ಎನ್ನುತ್ತಿತ್ತು ಆ ಮೌನ. ಈಗ ಅದೂ ಇಲ್ಲ. ಎರಡು ಗೆರೆ ಬರೆದ ಒಂದು ಹಾಳೆ ಮಾತ್ರ ಕೈಯಲ್ಲಿತ್ತು.

ಇಬ್ಬರೂ ದಿಬ್ಬ ಹತ್ತಿದರು. ಕಲ್ಲಿನ ಪುಡಿ ಕಾಲಡಿ ಜಾರುತ್ತಿತ್ತು, ಎರಡು ಹೆಜ್ಜೆ ಮೇಲೆ ಹೋದರೆ ಒಂದು ಹೆಜ್ಜೆ ಕೆಳಗೆ. ಆಚೆ ಬದಿಯಲ್ಲಿ ಹಿಂದೆ ಲಾರಿಗಳನ್ನು ತೂಗುತ್ತಿದ್ದ ಅಂಗಳವಿತ್ತು. ಮಾಡು ಹಾರಿಹೋದ ಕಚೇರಿ, ಮುಳ್ಳುಗಿಡ, ನೆಲಮಟ್ಟದಲ್ಲಿ ತುಕ್ಕು ಹಿಡಿದ ವೇಬ್ರಿಡ್ಜು. ಅದರ ಪಕ್ಕದ ಗುಂಡಿಗೆ ಯಾರೋ ಹಲಗೆಗಳನ್ನು ಮುಚ್ಚಿದ್ದರು. ಎರಡು ಹಲಗೆ ಮುರಿದಿದ್ದವು. ಮುರಿದ ಕಡೆ ಮರ ಹೊಸದಾಗಿ ಬೆಳ್ಳಗೆ ಕಾಣುತ್ತಿತ್ತು.

ಅಕ್ಕ ಓಡಿಹೋಗಿ ಮೊಣಕಾಲೂರಿ ಬಗ್ಗಿದಳು. ಎರಡು ಆಳು ಆಳ. ತಳದಲ್ಲಿ ಹಡಗಪ್ಪ ಒಂದು ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ಇರಬಾರದ ರೀತಿಯಲ್ಲಿ ತಿರುಗಿತ್ತು. ಹಣೆಯ ರಕ್ತ ಹೆಪ್ಪುಗಟ್ಟಿ ಕಣ್ಣು ಮುಚ್ಚಿತ್ತು. ಪೆಟ್ಟಿಗೆ ಎದೆಯ ಕೆಳಗೆ ಸಿಕ್ಕಿಕೊಂಡಿತ್ತು.

"ಮಾವ! ಮಾವಾ!"

ಉತ್ತರವಿಲ್ಲ. ಕಾಯಿಲ್ ಕಬ್ಬಿಣದ ತೊಲೆ ಹಿಡಿದು ಜೋತುಬಿದ್ದು ಕೆಳಗಿಳಿದ. ಕುತ್ತಿಗೆಗೆ ಬೆರಳಿಟ್ಟ. ಅವನು ಮೇಲೆ ನೋಡಿ ಮಾತಾಡುವವರೆಗೆ ಹತ್ತು ಸೆಕೆಂಡು ಹಿಡಿಯಿತೋ ಹದಿನೈದೋ. ಅಷ್ಟರಲ್ಲಿ ಅಕ್ಕ ಅವರ ಕೋಣೆಯ ಬಾಗಿಲು, ಮರುದಿನದ ಹಾಜರಿ, ಯಾರ ಯಾರಿಗೆ ಹೇಳಿಕಳಿಸಬೇಕೆಂಬ ಪಟ್ಟಿ, ಎಲ್ಲವನ್ನೂ ಕಂಡುಬಿಟ್ಟಿದ್ದಳು.

"ಜೀವ ಇದೆ ಅಕ್ಕ. ಉಸಿರಾಡ್ತಿದ್ದಾರೆ."

ಅವನ ದನಿಗೋ ಮುಟ್ಟಿದ್ದಕ್ಕೋ ಹಡಗಪ್ಪ ಒಂದು ಕಣ್ಣು ತೆರೆದರು. ಮೇಲೆ ಆಕಾಶಕ್ಕೆ ಅಡ್ಡವಾಗಿ ಕಂಡ ಮುಖ ಯಾರದೆಂದು ಗುರುತಿಸಲು ತುಸು ಹೊತ್ತಾಯಿತು.

"ಯಾರದು... ನೀನಾ?"

"ನಾನೇ ಮಾವ. ಅಲ್ಲಾಡ್ಬೇಡಿ."

"ಆಂಬುಲೆನ್ಸ್ ಕರೆದ್ಬಿಟ್ಯಾ?"

"ಕರೆದೆ. ಅರ್ಧ ಗಂಟೆ ಆಯ್ತು."

"ಒಳ್ಳೇದ್ ಮಾಡ್ದೆ," ಎಂದರು ಹಡಗಪ್ಪ. ಮತ್ತೆ ಕಣ್ಣು ಮುಚ್ಚಿದರು.

ಹನ್ನೊಂದೂವರೆಗೆ ಆಂಬುಲೆನ್ಸು ಬಂತು. ನಾವೆಲ್ಲ ಸೇರಿ ಆಂಟೆನಾ ಕಟ್ಟುವ ಹಗ್ಗದಿಂದಲೇ ಅವರನ್ನು ಮೇಲಕ್ಕೆತ್ತಿದೆವು. ತೊಡೆಯ ಮೂಳೆ ಮುರಿದಿತ್ತು, ಒಳಗೆ ರಕ್ತ ಸೋರುತ್ತಿತ್ತು. ಇನ್ನೊಂದು ಗಂಟೆ ಕಳೆದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಆ ಒಂದು ಟಿಕ್ ಬಗ್ಗೆ ಅಕ್ಕ ಕೇಳಿದಳು. ಹಡಗಪ್ಪನಿಗೆ ನೆನಪಿರಲಿಲ್ಲ. ಬೆರಳು ತಾನಾಗಿಯೇ ಆಡಿರಬೇಕು.

ಮುಂದಿನ ಭಾನುವಾರ ಮೇಷ್ಟ್ರು ನಿರ್ಣಯದ ಪುಸ್ತಕ ತೆರೆದು, ಎಲ್ಲರ ಎದುರಿಗೆ ಆ ಹಳೆಯ ಸಾಲಿನ ಮೇಲೆ ಗೆರೆ ಎಳೆಯಲು ಹೋದರು. ಅವರ ಕಣ್ಣು ತುಂಬಿತ್ತು. ಅಕ್ಕ ತಡೆದಳು.

"ಹೊಡೆದ್ಹಾಕ್ಬೇಡಿ ಮೇಷ್ಟ್ರೇ, ಇರ್ಲಿ. ನನ್ನನ್ನ ಹಿಡಿದು ನಿಲ್ಲಿಸೋದು ಒಂದಾದ್ರೂ ಬೇಕು. ಇಲ್ಲಾಂದ್ರೆ ನಾನು ದಿನಾ ಆಂಬುಲೆನ್ಸ್ ಕರೀತೀನಿ."

ಎಲ್ಲರೂ ನಕ್ಕೆವು. ಅವಳು ತಮಾಷೆಗೆ ಹೇಳಿರಲಿಲ್ಲ. ಕೊನೆಗೆ ಸಾಲು ಹಾಗೇ ಉಳಿಯಿತು. ಕೆಳಗೆ, ಕಾಯುವ ಹೊತ್ತಿಲ್ಲ ಎಂದು ಅನ್ನಿಸಿದವರು ಕಾಯಬೇಕಿಲ್ಲ ಎಂದು ಮೇಷ್ಟ್ರೇ ಇನ್ನೊಂದು ಸಾಲು ಸೇರಿಸಿದರು.

ಇಷ್ಟಾದ ಮೇಲೆ ಅವಳ ಚಿಂತೆ ಕಡಿಮೆಯಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ಹೆಚ್ಚೇ ಆಯಿತು. ಮೊದಲು ಅವಳ ಗಾಬರಿಗೆ ನಗುತ್ತಿದ್ದವರು ಈಗ ಅದನ್ನು ಹವಾಮಾನ ವರದಿಯಂತೆ ಕೇಳತೊಡಗಿದರು. ಮಗ ಶಾಲೆಯಿಂದ ಬರುವುದು ತಡವಾದರೆ, ತಮ್ಮನೊಬ್ಬ ಫೋನು ಎತ್ತದಿದ್ದರೆ, ಅಂಗಡಿಗೆ ಬಂದು, "ನಿಮಗೇನನ್ಸುತ್ತೆ ಅಕ್ಕ?" ಎನ್ನುತ್ತಿದ್ದರು. ಅವಳಿಗೆ ಅದು ನುಂಗಲಾರದ ತುತ್ತು. "ನಂಗೆ ಯಾವಾಗ್ಲೂ ಕೆಟ್ಟದ್ದೇ ಅನ್ಸೋದು. ಒಂದ್ಸಲ ನಿಜ ಆಯ್ತು ಅಷ್ಟೇ," ಎಂದು ಸಾಣೆಗೆ ಮುಖ ತಿರುಗಿಸುತ್ತಿದ್ದಳು.

ಹಡಗಪ್ಪನ ಒಂದು ಕಾಲು ಎರಡು ಬೆರಳಷ್ಟು ಗಿಡ್ಡವಾಯಿತು. ಬೆಳಗಿನ ಹಾಜರಿಯನ್ನು ಮತ್ತೆ ಬಾಯಲ್ಲೇ ಹೇಳತೊಡಗಿದರು. ಮರುವರ್ಷದ ಹೊರಸಂಚಾರಕ್ಕೆ ನಾವು ಸಮತಟ್ಟಾದ ಒಂದು ತೋಪನ್ನು ಆರಿಸಿದಾಗ, ನರಿ ನಾನೇ ಎಂದು ಊರುಗೋಲು ಕುಟ್ಟಿದರು. ಮತಕ್ಕೆ ಹಾಕಿದೆವು. ಬೇಡವೆಂದು ಕೈಯೆತ್ತಿದವಳು ಅಕ್ಕ ಒಬ್ಬಳೇ. ಸೋತ ಮೇಲೆ ಅವಳು ಒಂದು ಷರತ್ತು ಹಾಕಿದಳು. ನರಿ ಈ ಸಲ ಒಂದಲ್ಲ, ಎರಡು.

ಹಾಗಾಗಿ ಅವತ್ತು ಇಬ್ಬರೂ ತೋಪಿನೊಳಗೆ ಒಂದು ಬಿದ್ದ ಮರದ ಹಿಂದೆ ಅಡಗಿ ಕೂತರು. ಅಕ್ಕನ ಹೆಗಲಿಗೆ ಎರಡು ಕೈರೇಡಿಯೊ, ಚೀಲದಲ್ಲಿ ನೀರು, ಬ್ಯಾಂಡೇಜು, ಹಗ್ಗ, ಟಾರ್ಚು. ಹಡಗಪ್ಪ ಮೊದಲ ಸಲ ತಟ್ಟಿ ಮುಗಿಸುವುದರೊಳಗೆ ಅವಳು ನಾಲ್ಕು ಸಲ, "ಕಾಲು ಜೋಮು ಹಿಡೀತಾ ಮಾವ? ಬಿಸಿಲು ತಾಗ್ತಿದ್ಯಾ?" ಎಂದು ಕೇಳಿದ್ದಳು. ನಮ್ಮ ತಂಡದವರು ಅವರನ್ನು ಹನ್ನೆರಡೇ ನಿಮಿಷದಲ್ಲಿ ಹಿಡಿದೆವು. ಆಂಟೆನಾ ಎತ್ತುವ ಕೆಲಸವೇ ಬೀಳಲಿಲ್ಲ. "ಮೆತ್ತಗೆ ಮಾತಾಡೇ ಮಹರಾಯ್ತಿ," ಎಂದು ಹಡಗಪ್ಪ ಗದರುವುದು ತೋಪಿನ ಈಚೆ ತುದಿಗೂ ಕೇಳಿಸುತ್ತಿತ್ತು.